ಕರೆಂಟು ಕೊಟ್ಟ ಶ್ರುತಿ

ನಮ್ಮ ಬ್ಯಾಂಡಿಗೆ ಕೊನೆಗೂ ಹೆಸರು ಇಡಲಿಲ್ಲ. ಮೂರು ವರ್ಷ ಬಾರಿಸಿದೆವು, ಹಾಡಿದೆವು, ಒಮ್ಮೆ ಮುರಿದುಕೊಂಡೆವು, ಮತ್ತೆ ಕೂಡಿದೆವು. ಹೆಸರಿನ ಮಾತು ಬಂದಾಗ ಮಾತ್ರ ಪ್ರತಿ ಸಲ ಜಗಳ. ನಾನು ‘ಶಹಾಬಾದ್ ಕಲ್ಲು’ ಅಂತಿದ್ದೆ. ರಾಕ್ ಅಂದರೆ ಕಲ್ಲು, ನಮ್ಮ ಜಿಲ್ಲೆಯ ಕಲ್ಲು ಊರೂರಿನ ಮನೆಗಳ ನೆಲಕ್ಕೆ ಹಾಸಿದೆ, ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿ ಸಿಗುತ್ತದೆ ಅಂತ ನನ್ನ ವಾದ. ‘ಫರ್ಸಿ ಮಾರಾಕ ಬಂದಾರ ಅಂತ ತಿಳ್ಕೋತಾರ ಜನ’ ಅಂತ ನಮ್ಮ ಡ್ರಮ್ಸ್‌ನವನು ಮಾಮು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ. ಹಾಗಾಗಿ ಬ್ಯಾನರ್ ಬರೆಸುವವರು ತಮಗೆ ತೋಚಿದ್ದು ಬರೆಸಿದರು. ಒಂದು ಕಡೆ ‘ರಸಮಂಜರಿ’, ಇನ್ನೊಂದು ಕಡೆ ‘ಆರ್ಕೆಸ್ಟ್ರಾ’, ಒಂದು ಗಣಪತಿ ಪೆಂಡಾಲಿನಲ್ಲಿ ಬರೀ ‘ಮನರಂಜನೆ’.

ಶುರುವಾಗಿದ್ದು ರೈಲಿನಲ್ಲಿ. 2011ರ ಅಕ್ಟೋಬರ್ 30ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಮೆಟಾಲಿಕಾದ ಶೋ ಇತ್ತು. ಎರಡು ದಿನ ಮುಂಚೆ ದಿಲ್ಲಿ ಕಡೆಯ ಶೋ ರದ್ದಾಗಿತ್ತು. ಇಲ್ಲಿಯದೂ ಹಾಗೇ ಆದರೆ ಅಂತ ಹೆದರಿಕೊಂಡೇ ನಾನೂ ನನ್ನ ದೋಸ್ತನೂ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ದೆವು. ಆಗಿನ್ನೂ ನಮ್ಮೂರು ಗುಲಬರ್ಗಾ. ಕಲಬುರಗಿ ಅನ್ನುವುದು ಸರ್ಕಾರಿ ಕಾಗದಕ್ಕೆ ಬಂದಿದ್ದು 2014ರ ನವೆಂಬರ್ 1ಕ್ಕೆ. ಶೋ ಬಗ್ಗೆ ನಾನು ಏನೂ ಬರೆಯುವುದಿಲ್ಲ, ಸಾವಿರಾರು ಜನ ಬರೆದಿದ್ದಾರೆ. ವಾಪಸ್ ಬರುವಾಗ ಜನರಲ್ ಬೋಗಿಯ ಬಾಗಿಲ ಬಳಿ ನಿಂತು, ಕಿವಿಯೊಳಗೆ ಇನ್ನೂ ಸಿಳ್ಳೆ ಹೊಡೆಯುತ್ತಿರುವಾಗ, ವಾಡಿ ಜಂಕ್ಷನ್ ಬರುವಷ್ಟರಲ್ಲಿ ಬ್ಯಾಂಡ್ ಕಟ್ಟುವುದು ಅಂತ ತೀರ್ಮಾನವಾಗಿತ್ತು. ಆಗ ಇಬ್ಬರಿಗೂ ಸೇರಿ ಗಿಟಾರಿನ ಐದು ಕಾರ್ಡ್, ಅಂದರೆ ಕೂಡಿಸಿ ಬಾರಿಸುವ ಸ್ವರಗಳ ಗುಂಪು, ಬರುತ್ತಿತ್ತು. ಅದರಲ್ಲಿ ಮೂರು ಒಂದೇ.

ಈ ದೋಸ್ತ ಎಲೆಕ್ಟ್ರಿಕಲ್ ಓದುತ್ತಿದ್ದ. ಇನ್ನು ಮುಂದೆ ಅವನನ್ನು ಇಂಜಿನಿಯರ್ ಅಂತಲೇ ಕರೆಯುತ್ತೇನೆ, ಆಗ ಮೂರು ಸಬ್ಜೆಕ್ಟ್ ಬಾಕಿ ಇದ್ದರೂ ಸಹ. ಲೀಡ್ ಗಿಟಾರ್ ಅವನದು. ನಾನು ಹಾಡುವುದು, ಜೊತೆಗೆ ಕಾರ್ಡ್ ಹಿಡಿಯುವುದು.

ಡ್ರಮ್ಸ್‌ಗೆ ಜನ ಹುಡುಕುವುದೇ ದೊಡ್ಡ ಕೆಲಸವಾಯಿತು. ತಬಲಾ ಬಾರಿಸುವವರಿದ್ದರು, ಢೋಲಕ್‌ನವರು ಬೇಕಾದಷ್ಟು. ಕುರ್ಚಿ ಮೇಲೆ ಕೂತು ಕೈಕಾಲು ನಾಲ್ಕನ್ನೂ ಬೇರೆ ಬೇರೆ ಆಡಿಸುವವರು ಯಾರೂ ಇಲ್ಲ. ಕೊನೆಗೆ ಸಿಕ್ಕವನು ಮಾಮು. ಅವರ ಮನೆತನವೇ ಮದುವೆ ಬ್ಯಾಂಡಿನದು. ಅಪ್ಪ ಕ್ಲಾರಿನೆಟ್, ಕಾಕಾ ಟ್ರಂಪೆಟ್, ಇವನು ಎಂಟನೇ ವಯಸ್ಸಿನಿಂದ ತಾಷಾ ಮತ್ತು ಸೈಡ್ ಡ್ರಮ್. ಕೈ ಅಂದರೆ ಕೈ! ಮುಂದಿನ ಸಣ್ಣ ಡ್ರಮ್ಮು ಸ್ನೇರ್ ಮೇಲೆ ಅವನ ಕಡ್ಡಿ ಬಿದ್ದರೆ ತಗಡಿನ ಮೇಲೆ ಆಲಿಕಲ್ಲು ಮಳೆ. ಆದರೆ ಆ ಕಾಲಿಗೆ ಹುಟ್ಟಿದಾಗಿನಿಂದ ಬರಾತಿನ ಮುಂದೆ ನಡೆಯುವುದು ಬಿಟ್ಟು ಬೇರೆ ಕೆಲಸವೇ ಕೊಟ್ಟಿರಲಿಲ್ಲ. ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಒತ್ತು ಅಂದರೆ ಕಾಲು ಸುಮ್ಮನೆ ಕೈಯ ಹಿಂದೆಯೇ ಹೋಗುತ್ತಿತ್ತು. ಕೈ ನಾಲ್ಕು ಪೆಟ್ಟು ಹೊಡೆದರೆ ಕಾಲೂ ನಾಲ್ಕು. ಅವನು ಹಗಲು ಆಟೋ ಓಡಿಸುತ್ತಿದ್ದ. ಜಗತ್ ಸರ್ಕಲ್ಲಿನಲ್ಲಿ ಸವಾರಿಗೆ ಕಾಯುವಾಗ ಬ್ರೇಕ್ ಪೆಡಲ್ ಮೇಲೆ ಕಾಲು ಕುಟ್ಟುತ್ತಾ, ಹ್ಯಾಂಡಲ್ ಮೇಲೆ ಬೆರಳಲ್ಲಿ ಬೇರೆ ತಾಳ ಹಾಕುತ್ತಾ ಮೂರು ತಿಂಗಳು ಕಲಿತ. ಹಿಂದಿನ ಬ್ರೇಕ್ ಲೈಟ್ ತಾಳಕ್ಕೆ ಸರಿಯಾಗಿ ಮಿಣುಕುತ್ತಿತ್ತು. ನಾವು ರಸ್ತೆಯ ಆಚೆ ನಿಂತು ಆ ಕೆಂಪು ದೀಪ ನೋಡಿಕೊಂಡು ‘ಇವತ್ತು ತಪ್ಪಿಲ್ಲ’ ಅಂತ ಹೇಳುತ್ತಿದ್ದೆವು.

ನಾಲ್ಕನೆಯವನು ಆಳಂದ ಕಡೆಯ ಹಳ್ಳಿಯವನು, ಇಲ್ಲಿ ರೂಮ್ ಮಾಡಿಕೊಂಡು ಡಿಗ್ರಿ ಓದುತ್ತಿದ್ದ. ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಿ ರೂಢಿ ಇದ್ದವನು. ಎಲ್ಲರಿಗಿಂತ ಚಿಕ್ಕವನಾದ್ದರಿಂದ ‘ಸಣ್ಣಾಂವ’ ಅಂತ ಹೆಸರು ಬಿತ್ತು, ಎಲ್ಲರಿಗೂ ಬೇಡವಾದ, ಕೆಳಗಿನ ಸ್ವರ ಬಾರಿಸುವ ಬೇಸ್ ಗಿಟಾರ್ ಕೂಡ ಅವನಿಗೇ ಬಿತ್ತು. ಬೇಸ್ ಕೊಳ್ಳಲು ದುಡ್ಡಿಲ್ಲ. ಸಾದಾ ಗಿಟಾರಿನ ಸಣ್ಣ ತಂತಿ ಎರಡು ಬಿಚ್ಚಿ, ದಪ್ಪದ ನಾಲ್ಕು ಉಳಿಸಿಕೊಂಡು ಏಳು ತಿಂಗಳು ಅದನ್ನೇ ಬೇಸ್ ಅಂದುಕೊಂಡೆವು.

ಇನ್ನು ಜಾಗ. ನಮ್ಮ ಸೋದರಮಾವ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಮಿಲ್ಲಿನ ಹಿಂದೆ ತಗಡಿನ ಗೋದಾಮು. ‘ರಾತ್ರಿ ಎಂಟರ ಮ್ಯಾಲ ಬರ್ರಿ, ಬೀಡಿ ಸಿಗರೇಟು ಏನೂ ನಡ್ಯಂಗಿಲ್ಲ’ ಅಂತ ಷರತ್ತು ಹಾಕಿ ಸಾಹುಕಾರರು ಕೀಲಿ ಕೊಟ್ಟರು. ಅಲ್ಲಿ ನಾನು ಧ್ವನಿಯ ಬಗ್ಗೆ ಕಲಿತಷ್ಟು ಯಾವ ಸ್ಟುಡಿಯೋದಲ್ಲೂ ಕಲಿತಿಲ್ಲ. ತೊಗರಿ ರಾಶಿಯಾಗಿ ಚೀಲ ಬರುವುದು ಡಿಸೆಂಬರ್, ಜನವರಿಗೆ. ಆಗ ಗೋದಾಮು ಸೂರಿನವರೆಗೆ ತುಂಬುತ್ತದೆ. ಗೋಣಿಚೀಲ ಸದ್ದು ಕುಡಿಯುತ್ತದೆ. ಚೀಲಗಳ ನಡುವೆ ಉಳಿದ ಓಣಿಯಂಥ ಜಾಗದಲ್ಲಿ ಬಾರಿಸಿದರೆ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ, ಒಣಗಿ, ಎದೆಗೆ ಬಂದು ಹೊಡೆಯುತ್ತದೆ. ಆ ಎರಡು ತಿಂಗಳು ನಾವು ನಿಜವಾಗಿ ಒಳ್ಳೆಯ ಬ್ಯಾಂಡ್. ಬೇಸಿಗೆ ಹೊತ್ತಿಗೆ ಚೀಲ ಖಾಲಿಯಾಗುತ್ತಾ ಬಂದು, ಜೂನಿಗೆ ಬರೀ ತಗಡು, ಬರೀ ಗೋಡೆ. ಸ್ನೇರ್ ಒಂದು ಹೊಡೆದರೆ ನಾಲ್ಕು ಕೇಳುತ್ತದೆ. ಸಾಹುಕಾರರು ದರ ಏರಲಿ ಅಂತ ಮಾಲು ಇಟ್ಟುಕೊಂಡ ವರ್ಷ ಮಾತ್ರ ಜುಲೈವರೆಗೂ ನಮ್ಮ ಸೌಂಡ್ ಚೆನ್ನಾಗಿತ್ತು. ತೊಗರಿ ಮಾರ್ಕೆಟ್ ನೋಡಿಕೊಂಡು ಪ್ರಾಕ್ಟೀಸ್ ಮಾಡಿದ ಬ್ಯಾಂಡ್ ಇನ್ನೊಂದು ಇರಲಿಕ್ಕಿಲ್ಲ.

ಈಗ ಕರೆಂಟಿನ ವಿಷಯ. ಎಲೆಕ್ಟ್ರಿಕ್ ಗಿಟಾರನ್ನು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದ ದಿನ, ಪ್ಲಗ್ ಹಾಕಿ ವಾಲ್ಯೂಮ್ ಏರಿಸಿದರೆ ‘ಗುಂಯ್’ ಅಂತ ಒಂದು ಸಪ್ಪಳ. ತಂತಿ ಮುಟ್ಟಿಲ್ಲ, ಏನಿಲ್ಲ, ಒಂದೇ ಸಮ ‘ಗುಂಯ್’. ಆಂಪ್ಲಿಫೈಯರ್ ಕೆಟ್ಟಿದೆ ಅಂದುಕೊಂಡೆವು. ಇಂಜಿನಿಯರ್ ಗೋಡೆಯ ಸಾಕೆಟ್ ಬಿಚ್ಚಿ ನೋಡಿ ನಕ್ಕ. ಮೂರನೇ ತೂತಿಗೆ ವೈರೇ ಇಲ್ಲ. ಅರ್ಥಿಂಗ್ ಇಲ್ಲದ ಕಡೆ ಗಿಟಾರಿನ ಪಿಕಪ್, ಅಂದರೆ ತಂತಿಯ ಅದುರನ್ನು ಹಿಡಿಯುವ ಭಾಗ, ಸುತ್ತಲಿನ ಟ್ಯೂಬ್‌ಲೈಟು, ಮೋಟರು, ವೈರಿಂಗು ಎಲ್ಲದರ ಸದ್ದನ್ನೂ ಎಳೆದುಕೊಳ್ಳುತ್ತದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುತ್ತದಲ್ಲ, ಆ 50 ಹರ್ಟ್ಸ್, ಅದರ ಮೇಲಿನ 100, ಅವೇ ಕಿವಿಗೆ ‘ಗುಂಯ್’ ಅಂತ ಕೇಳುವುದು.

ಸಣ್ಣಾಂವ ಇದನ್ನೆಲ್ಲ ಕೇಳಿಸಿಕೊಳ್ಳಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಆ ಸಪ್ಪಳಕ್ಕೆ ಸರಿಯಾಗಿ ‘ಸಾ’ ಹಿಡಿದ. ಆಮೇಲೆ ದಪ್ಪ ತಂತಿಯನ್ನು ಮೂರನೇ ಫ್ರೆಟ್ಟಿನ, ಅಂದರೆ ಮೂರನೇ ಪಟ್ಟಿಯ, ಹತ್ತಿರ ಒತ್ತಿ, ಗಿಟಾರಿನ ಕಿವಿ ತಿರುಚಿ, ಎರಡನ್ನೂ ಕೂಡಿಸಿದ. ಅದು ಜಿ ಸ್ವರ. ‘ನೋಡ್ರಿ, ಯಾರೋ ನಮಗ ತಂಬೂರಿ ಹಿಡ್ದಾರ’ ಅಂದ.

ಅವತ್ತಿನಿಂದ ಅದೇ ನಮ್ಮ ಶ್ರುತಿ. ಶ್ರುತಿ ತೋರಿಸುವ ಟ್ಯೂನರ್ ಕೊಳ್ಳಲಿಲ್ಲ, ನಮ್ಮ ಫೋನುಗಳಲ್ಲಿ ಅಂಥದ್ದೇನೂ ಇರಲೂ ಇಲ್ಲ. ಸ್ವಿಚ್ ಹಾಕುವುದು, ಗುಂಯ್‌ಗೆ ತಂತಿ ಕೂಡಿಸುವುದು, ಬಾರಿಸುವುದು. ನಮ್ಮ ಮೊದಲ ಆರು ಹಾಡೂ ಜಿಯಲ್ಲೇ ಇವೆ. ನನ್ನ ಗಂಟಲಿಗೆ ಅದು ಸ್ವಲ್ಪ ಎತ್ತರವೇ, ಆದರೆ ಕರೆಂಟಿನ ಜೊತೆ ಯಾರು ಜಗಳ ಆಡುತ್ತಾರೆ?

ಒಮ್ಮೆ ಸಣ್ಣಾಂವನ ಮುತ್ಯಾ ಕಣ್ಣಿನ ಆಪರೇಷನ್‌ಗೆ ಅಂತ ಊರಿಂದ ಬಂದಿದ್ದರು. ತತ್ವಪದ ಹಾಡುವವರು, ಕಡಕೋಳ ಮಡಿವಾಳಪ್ಪನವರ ಪದ ಅವರ ಬಾಯಲ್ಲಿ ಕೇಳಬೇಕು. ಮೊಮ್ಮಗ ಏನು ಮಾಡುತ್ತಾನೆ ನೋಡಬೇಕು ಅಂತ ಗೋದಾಮಿಗೆ ಬಂದು ಚೀಲದ ಮೇಲೆ ಕೂತರು. ನಾವು ಸದ್ದನ್ನು ಒಡಕಾಗಿಸುವ ಡಿಸ್ಟಾರ್ಷನ್ ಹಾಕಿ ಪವರ್ ಕಾರ್ಡ್ ಬಾರಿಸಿದೆವು. ಹೆಸರು ದೊಡ್ಡದು ಅಷ್ಟೇ, ಪವರ್ ಕಾರ್ಡ್ ಅಂದರೆ ಬರೀ ಸಾ ಮತ್ತು ಪಾ. ಗಾಂಧಾರ ಇರುವುದಿಲ್ಲ, ಹಾಗಾಗಿ ಅದು ಸಂತೋಷವೂ ಅಲ್ಲ, ದುಃಖವೂ ಅಲ್ಲ. ಮುತ್ಯಾಗೆ ಸದ್ದಿನ ಬಗ್ಗೆ ತಕರಾರು ಇರಲಿಲ್ಲ. ಮೂಲೆಯಲ್ಲಿದ್ದ ಪೇಟಿ ಎಳೆದುಕೊಂಡು ಒಂದು ಮನೆ ಒತ್ತಿದರು. ನಮ್ಮ ಗಿಟಾರಿಗೆ ಕಿವಿ ಕೊಟ್ಟರು. ಮತ್ತೆ ಒತ್ತಿದರು.

‘ನಿಮ್ದು ಏರ್ಯಾದಪ್ಪಾ’ ಅಂದರು.

‘ಇಲ್ಲ ಮುತ್ಯಾ, ಪೇಟಿ ಹಳೀದದ, ಇಳಿದದ’ ಅಂತ ನಾನೇ ಸಮಾಧಾನ ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಸುಮ್ಮನಾದರು. ಅದು ಯಾಕೆ ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷದ ಮೇಲೆ.

ಮೊದಮೊದಲು ನಾನು ಹಾಡಿದ್ದು ಇಂಗ್ಲಿಷಿನಲ್ಲಿ. ರೆಕಾರ್ಡ್ ಮಾಡಿದ್ದು ಈಗ ಕೇಳಿದರೆ ಹೊಟ್ಟೆ ತೊಳಸುತ್ತದೆ. ಬೆಂಗಳೂರಿನಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ಬ್ಯಾಂಡಿನವರು 1996ರಿಂದಲೇ ಇಂಗ್ಲಿಷ್ ಹಾಡುತ್ತಿದ್ದಾರೆ, ಅದು ಅವರ ದಿನದ ಭಾಷೆ. ನನ್ನದು ಗೈಡ್ ಓದಿ ಕಲಿತ ಇಂಗ್ಲಿಷ್. ಕನ್ನಡಕ್ಕೆ ಬಂದಾಗ ಮೊದಲು ಪುಸ್ತಕದ ಕನ್ನಡ ಬರೆದೆ. ಮಾಮು ಡ್ರಮ್ಸ್ ನಿಲ್ಲಿಸಿ ‘ಇದಕ್ಕ ಪೆಟ್ಟು ಎಲ್ಲಿ ಹಾಕ್ಲಿ?’ ಅಂದ. ಅವನು ಹೇಳಿದ್ದು ಖರೆ. ‘ಬರುತ್ತಿದೆ’ ಅನ್ನುವುದು ಜಾರಿಕೊಂಡು ಹೋಗುತ್ತದೆ. ‘ಬರ್ಲಾಕತ್ತದ’ ಅಂದರೆ ನೋಡಿ, ಬರ್, ಲಾ, ಕತ್, ತದ. ಒತ್ತಕ್ಷರ ಬಂದ ಕಡೆ ಸ್ನೇರ್ ತಾನಾಗೇ ಬೀಳುತ್ತದೆ. ಅವತ್ತು ರಾತ್ರಿಯೇ ಬರೆದೆ:

ಬಿಸಲು ಬರ್ಲಾಕತ್ತದ, ನೆಳ್ಳು ಓಡ್ಲಾಕತ್ತದ,
ಎರಿ ನೆಲ ಬಾಯಿ ತೆರೆದು ಏನೋ ಕೇಳ್ಲಾಕತ್ತದ.

ಕವಿತೆಯಾಗಿ ದೊಡ್ಡದೇನಲ್ಲ. ಬಾರಿಸಿದರೆ ಮಾತ್ರ ಗೋದಾಮಿನ ತಗಡು ಅದುರುತ್ತಿತ್ತು.

ಮೊದಲ ಶೋ 2013ರ ಫೆಬ್ರವರಿಯಲ್ಲಿ, ಒಂದು ಕಾಲೇಜಿನ ಗ್ಯಾದರಿಂಗ್. ಯಾವ ಕಾಲೇಜು ಅನ್ನುವುದು ಬೇಡ. ಭರತನಾಟ್ಯ, ಫ್ಯಾಷನ್ ಶೋ, ಮಿಮಿಕ್ರಿ ಎಲ್ಲ ಆಗಿ ರಾತ್ರಿ ಒಂಬತ್ತೂವರೆಗೆ ನಮ್ಮ ಪಾಳಿ. ಮೂರು ಹಾಡಿಗೆ ಹನ್ನೆರಡು ನಿಮಿಷ. ಮೈಕ್ ಸೆಟ್ಟು ಜನರೇಟರಿನಿಂದ, ನಮ್ಮ ಆಂಪ್ಲಿಫೈಯರು ಕಟ್ಟಡದ ಲೈನಿನಿಂದ. ಇಂಜಿನಿಯರ್ ಇದನ್ನು ನೋಡಿ ಹುಬ್ಬು ಗಂಟಿಕ್ಕಿದ, ಆದರೆ ನಿರೂಪಣೆ ಮಾಡುವ ಹುಡುಗಿ ಆಗಲೇ ‘ಪಾಪ್ ಸಾಂಗ್ ತಂಡ’ ಅಂತ ಕರೆದಾಗಿತ್ತು.

ನನ್ನ ಎಡಗೈ ತಂತಿ ಮೇಲೆ. ಮೈಕಿನ ಹತ್ತಿರ ಹೋಗಿ, ಇಂಗ್ಲಿಷ್ ಹಾಡುಗಾರರ ಹಾಗೆ ತುಟಿ ತಾಗಿಸಿ, ‘ಬಿ’ ಅನ್ನುವಷ್ಟರಲ್ಲಿ ಯಾರೋ ಬಾಯಿಗೆ ಗುದ್ದಿದ ಹಾಗಾಯಿತು. ಜಾಲರಿಯಿಂದ ತುಟಿಗೆ ನೀಲಿ ಕಿಡಿ ಹಾರಿದ್ದನ್ನು ಮುಂದಿನ ಸಾಲಿನವರು ನೋಡಿದರಂತೆ. ಗಿಟಾರಿಗೂ ಮೈಕಿಗೂ ನಡುವೆ ನಾನೇ ವೈರು. ಎರಡಡಿ ಹಿಂದಕ್ಕೆ ಹಾರಿ ಮಾಮುವಿನ ಸಿಂಬಲ್ ಸ್ಟ್ಯಾಂಡಿಗೆ ಬಡಿದೆ, ಸಿಂಬಲ್ ಬಿದ್ದು ‘ಝಳ್’ ಅಂತು, ಮಾಮು ಅದನ್ನೇ ಸಿಗ್ನಲ್ ಅಂದುಕೊಂಡು ಶುರು ಹಚ್ಚಿಬಿಟ್ಟ. ಹಾಲಿನ ತುಂಬ ಸಿಳ್ಳೆ. ಅವರು ಅದನ್ನು ಐಟಂ ಅಂದುಕೊಂಡಿದ್ದರು. ಮೂರೂ ಹಾಡನ್ನು ಮೈಕಿನಿಂದ ಒಂದು ಗೇಣು ದೂರ ನಿಂತು ಕಿರುಚಿದೆ. ಮರುದಿನ ಕ್ಯಾಂಟೀನಿನಲ್ಲಿ ಹುಡುಗರು ಹಾಡಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ‘ಆ ಜಿಗಿತ ಹ್ಯಾಂಗ ಪ್ರಾಕ್ಟೀಸ್ ಮಾಡಿದ್ರಿ ಅಣ್ಣಾ?’ ಅಂತ ಕೇಳಿದರು. ತುಟಿ ವಾರಗಟ್ಟಲೆ ಜುಮುಜುಮು ಅನ್ನುತ್ತಿತ್ತು.

ನಗುವ ವಿಷಯ ಅಲ್ಲ ಇದು. ಹೀಗೆ ಸ್ಟೇಜಿನ ಮೇಲೆ ಜೀವ ಬಿಟ್ಟವರೂ ಇದ್ದಾರೆ. ಮರುವಾರವೇ ಗೋದಾಮಿಗೆ ಅರ್ಥಿಂಗ್ ಮಾಡಿಸಿದೆವು. ವೈರಮನ್ ಒಬ್ಬರನ್ನು ಕರೆಸಿ, ಹಿಂದಿನ ಅಂಗಳದಲ್ಲಿ ಗುಂಡಿ ತೋಡಿಸಿ, ಜಿ.ಐ. ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು, ಇದ್ದಿಲು, ಉಪ್ಪು ಅಂತ ಪದರ ಹಾಕಿಸಿದೆವು. ನಮ್ಮದು ಎರಿ ಭೂಮಿ. ಮಳೆಗಾಲದಲ್ಲಿ ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಆಗ ಅರ್ಥಿಂಗ್ ಇದ್ದೂ ಇಲ್ಲದ ಹಾಗೆ. ಅದಕ್ಕೆ ಪ್ರಾಕ್ಟೀಸಿಗೆ ಮುಂಚೆ ಒಂದು ಕೊಡ ನೀರು. ಸಣ್ಣಾಂವ ಅದನ್ನು ತುಳಸಿಕಟ್ಟೆಗೆ ಹಾಕುವಷ್ಟು ಶ್ರದ್ಧೆಯಿಂದ ಹಾಕುತ್ತಿದ್ದ. ಗುಂಯ್ ಸದ್ದು ಇಳಿಯಿತು, ಪೂರಾ ಹೋಗಲಿಲ್ಲ. ಶ್ರುತಿ ಕೂಡಿಸುವಷ್ಟು ಉಳಿದಿತ್ತು.

ಆ ವರ್ಷ ಮೇ ತಿಂಗಳಲ್ಲಿ ಮೊದಲ ಸಂಪಾದನೆ. ಮಾಮುವಿನ ಕಡೆಯಿಂದ ಬಂದ ಒಂದು ರಿಸೆಪ್ಷನ್. ನಾಲ್ಕು ಸಾವಿರ ರೂಪಾಯಿ, ಮೇಲೆ ಹುಗ್ಗಿ ಊಟ. ಬಯಲು ಪೆಂಡಾಲು, ಸಂಜೆ ಆರಕ್ಕೂ ಮೈ ಸುಡುವ ಝಳ. ಒಂದು ಹೊಸತನ ಇರಲಿ ಅಂತ ಹಲಗಿಯವರನ್ನು ಕೂಡಿಸಿಕೊಂಡಿದ್ದೆವು. ಅಲ್ಲೇ ಎಡವಟ್ಟಾಯಿತು. ಬಿಸಿಗೆ ಉಕ್ಕಿನ ತಂತಿ ಹಿಗ್ಗುತ್ತದೆ, ಗಿಟಾರು ಇಳಿಯುತ್ತದೆ. ಅದೇ ಬಿಸಿಗೆ ಚರ್ಮ ಬಿಗಿಯುತ್ತದೆ, ಹಲಗಿ ಏರುತ್ತದೆ. ಒಂದೊಂದು ಹಾಡಿಗೂ ನಾವು ಕೆಳಗೆ, ಅವರು ಮೇಲೆ. ನಾಲ್ಕನೇ ಹಾಡಿನ ಹೊತ್ತಿಗೆ ನಾನು ಯಾರ ಕೈ ಹಿಡಿಯಬೇಕು ಅಂತಲೇ ತಿಳಿಯಲಿಲ್ಲ. ಹಲಗಿ ಬಾರಿಸುವ ಕಾಕಾ ಮಾತ್ರ ತಣ್ಣಗಿದ್ದರು. ‘ಚಳಿಗಾಲದಾಗ ನಾವು ಹಲಗಿ ಬೆಂಕಿಗೆ ಹಿಡೀತೀವಿ, ನೀವು ಬ್ಯಾಸಗ್ಯಾಗ ಗಿಟಾರ್ ನೀರಾಗ ಅದ್ರಿ’ ಅಂದರು. ಅಷ್ಟರಲ್ಲಿ ಫರ್ಮಾಯಿಷ್ ಚೀಟಿ ಬರಲು ಶುರುವಾದವು. ಹದಿನಾಲ್ಕು ಚೀಟಿ, ಹದಿನಾಲ್ಕೂ ಸಿನಿಮಾ ಹಾಡು. ಒಂದೂ ನಮಗೆ ಬರುತ್ತಿರಲಿಲ್ಲ. ಮದುಮಗನ ಅಣ್ಣ ಬಂದು ಮರ್ಯಾದೆಯಿಂದಲೇ ‘ಸರ, ನೀವು ಊಟ ಮಾಡಿಬಿಡ್ರಿ’ ಅಂದರು. ಆಮೇಲೆ ಮಾಮುವಿನ ಅಪ್ಪ ಕ್ಲಾರಿನೆಟ್ ತೆಗೆದು ಹದಿನಾಲ್ಕನ್ನೂ ಬಾರಿಸಿದರು. ಮಗ ಹಿಂದೆ ಕೂತು ತಾಳ ಹಾಕಿದ. ಅವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಗೋದಾಮಿನಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಮುರಿದುಕೊಂಡಿದ್ದು ಅದಾದ ಮೇಲೆ. ದುಡ್ಡು ಹಂಚುವಾಗ ಶುರುವಾದ ಮಾತು ಎಲ್ಲೆಲ್ಲೋ ಹೋಯಿತು, ಅದರಲ್ಲಿ ಹೆಚ್ಚಿನದು ನನ್ನ ಬಾಯಿಂದಲೇ ಬಂತು. ತಿಂಗಳುಗಟ್ಟಲೆ ಯಾರೂ ಯಾರಿಗೂ ಫೋನ್ ಮಾಡಲಿಲ್ಲ. ಡಿಸೆಂಬರಿನಲ್ಲಿ ಚೀಲ ಬಂದಾಗ ಮಾವ ಸುಮ್ನೆ ಒಂದು ಮಾತು ಅಂದರು, ‘ಗೋದಾಮು ತುಂಬ್ಯಾದ ನೋಡು’ ಅಂತ. ಆ ರಾತ್ರಿ ಎಂಟಕ್ಕೆ ನಾನು ಹೋದಾಗ ಮಾಮುವಿನ ಆಟೋ ಹೊರಗೆ ನಿಂತಿತ್ತು.

ಸ್ಪರ್ಧೆಗಳಿಗೆ ಹೋಗಿದ್ದು, ಸೋತಿದ್ದು ಬರೆಯುವಂಥದ್ದೇನಲ್ಲ. ಎಲ್ಲ ಕಡೆ ‘ಡಿಫರೆಂಟ್ ಆಗಿದೆ’ ಅಂದರು, ಎಲ್ಲೂ ಪ್ರೈಜ್ ಕೊಡಲಿಲ್ಲ. 2014ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಒಂದು ಚಿಕ್ಕ ಸ್ಟುಡಿಯೋದಲ್ಲಿ ನಾಲ್ಕು ಗಂಟೆ ಬುಕ್ ಮಾಡಿದೆವು, ಬಿಸಲಿನ ಹಾಡು ಒಂದನ್ನಾದರೂ ಸರಿಯಾಗಿ ಹಿಡಿದಿಡೋಣ ಅಂತ.

ರೆಕಾರ್ಡಿಸ್ಟ್ ನಮ್ಮ ಗಿಟಾರಿಗೆ ಟ್ಯೂನರ್ ಸಿಕ್ಕಿಸಿ ನೋಡಿ, ಸಣ್ಣಾಂವನ ಬೇಸಿಗೂ ಸಿಕ್ಕಿಸಿ ನೋಡಿ, ಮತ್ತೆ ನನ್ನದಕ್ಕೆ ಸಿಕ್ಕಿಸಿದರು. ಎಲ್ಲವೂ ಸ್ವಲ್ಪ ಮೇಲಿವೆ. ಎಲ್ಲವೂ ಒಂದೇ ಸಮ ಮೇಲಿವೆ. ಅರ್ಧ ಹಿಂದಿ ಅರ್ಧ ತೆಲುಗಿನಲ್ಲಿ ‘ಯಾವ ಟ್ಯೂನರ್ ನಿಮ್ಮದು?’ ಅಂತ ಕೇಳಿದರು.

‘ಟಿಸಿ’ ಅಂದ ಮಾಮು.

ಅವರಿಗೆ ಅರ್ಥವಾಗಲಿಲ್ಲ. ನಮ್ಮ ಕಡೆ ಟ್ರಾನ್ಸ್‌ಫಾರ್ಮರಿಗೆ ಟಿಸಿ ಅನ್ನುತ್ತಾರೆ. ಇಂಜಿನಿಯರ್ ಅಲ್ಲೇ ಮೊಬೈಲ್ ಕ್ಯಾಲ್ಕುಲೇಟರ್ ತೆಗೆದ. ಜಿ ಅಂದರೆ 49 ಹರ್ಟ್ಸ್, ಕರೆಂಟು 50. ಪೇಟಿಯ ಒಂದು ಮನೆಗೂ ಪಕ್ಕದ ಮನೆಗೂ ಇರುವ ಅಂತರದಲ್ಲಿ ಮೂರನೇ ಒಂದು ಪಾಲು. ಅಷ್ಟು ಏರಿಸಿಕೊಂಡೇ ನಾವು ಎರಡು ವರ್ಷದ ಮೇಲೆ ಬಾರಿಸಿದ್ದೆವು. ಅದೂ ಒಂದೇ ಸಮ ಅಲ್ಲ. ಬೇಸಿಗೆ ಸಂಜೆ ಲೋಡ್ ಜಾಸ್ತಿಯಾದಾಗ ಕರೆಂಟಿನ ಫ್ರೀಕ್ವೆನ್ಸಿಯೂ 50ರಿಂದ ಕೆಳಗೆ ಸರಿಯುತ್ತಿತ್ತು, ಆಗ ನಾವೂ ಇಳಿದಿರುತ್ತೇವೆ. 2013ರ ಡಿಸೆಂಬರ್ 31ಕ್ಕೆ ರಾಯಚೂರು ಸೋಲಾಪುರ ನಡುವಿನ 765 ಕೆ.ವಿ. ಲೈನಿನಿಂದ ದಕ್ಷಿಣದ ಗ್ರಿಡ್ಡನ್ನು, ಅಂದರೆ ಕರೆಂಟಿನ ಜಾಲವನ್ನು, ದೇಶದ ಉಳಿದ ಗ್ರಿಡ್ಡಿಗೆ ಜೋಡಿಸಿದರಲ್ಲ, ‘ಅವತ್ತಿಂದ ನಾವು ದಿಲ್ಲಿ ಶ್ರುತಿಗೆ ಬಾರಿಸ್ಲಾಕತ್ತೀವಿ’ ಅಂದ ಇಂಜಿನಿಯರ್. ನನಗೆ ಮುತ್ಯಾನ ಮುಖ ನೆನಪಾಯಿತು. ಹಳೆಯ ಪೇಟಿ ಸರಿಯಾಗೇ ಇತ್ತು.

ರೆಕಾರ್ಡಿಸ್ಟ್ ಎಲ್ಲವನ್ನೂ ಸರಿಯಾದ ಜಾಗಕ್ಕೆ ಇಳಿಸಿದರು. ಬಾರಿಸಿದೆವು. ತಪ್ಪಿಲ್ಲ, ಸ್ವಚ್ಛ, ಅಷ್ಟೇ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಸಣ್ಣಾಂವ ನಡುವೆಯೇ ನಿಲ್ಲಿಸಿ ಹೆಡ್‌ಫೋನ್ ತೆಗೆದ. ‘ಅಣ್ಣಾ, ಹಿಂದ ಯಾರೂ ಇಲ್ದಂಗ ಆಗ್ಲಾಕತ್ತದ’ ಅಂದ. ಸ್ಟುಡಿಯೋ ಅಷ್ಟು ನಿಶ್ಶಬ್ದ. ಗುಂಯ್ ಇಲ್ಲ.

ಗಿಟಾರುಗಳನ್ನು ಮತ್ತೆ ನಮ್ಮ ಶ್ರುತಿಗೇ ಏರಿಸಿದೆವು. ಆಮೇಲೆ ರೆಕಾರ್ಡಿಸ್ಟ್ ಹತ್ತಿರ ಹೋಗಿ, ಸ್ವಲ್ಪ ನಾಚಿಕೆಯಿಂದಲೇ, ಹಮ್, ಅಂದರೆ ಆ ಗುಂಯ್, ಬೇಕು ಅಂತ ಕೇಳಿದೆ. ಹಮ್ ತೆಗೆಯಲು ಲಕ್ಷಗಟ್ಟಲೆ ಖರ್ಚು ಮಾಡಿ ಕೂತಿರುವ ಮನುಷ್ಯ. ನಮ್ಮ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದರು. ಆಮೇಲೆ ಎದ್ದು, ಗಿಟಾರಿನಿಂದ ಕೇಬಲ್ ಕಿತ್ತು, ಜಾಕಿನ ತುದಿಗೆ ಹೆಬ್ಬೆರಳು ಒತ್ತಿ ನಿಂತರು. ಹೆಡ್‌ಫೋನಿನ ತುಂಬ ನಮ್ಮ ಗೋದಾಮು ಬಂತು. ಅವರು ಹಾಗೇ ನಿಂತಿದ್ದರು, ಮಾಮು ಕಡ್ಡಿ ಎತ್ತಿ ನಾಲ್ಕು ಎಣಿಸಿದ.

ಬಿಲ್ಲು ಆರು ಸಾವಿರ ಆಯಿತು. ಹೆಬ್ಬೆರಳಿಗೆ ಬೇರೆ ಚಾರ್ಜ್ ಹಾಕಲಿಲ್ಲ.